‘ಸಂಕಟ’ ಎಂದರೆ ಬರೀ ಆ್ಯಸಿಡಿಟಿ ಅಲ್ಲ

ಮುಂಬಯಿ ಉಪನಗರದ ಯಾವುದಾದರೂ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಂಜೆ ಎಂಟರ ಹೊತ್ತಿಗೆ ಕುಳಿತರೆ ಈ ಮಾತುಕತೆ ಕಿವಿಗೆ ಬೀಳುತ್ತದೆ. ಊರಿನಿಂದ ಬಂದು ಮಗನ ಮನೆಯಲ್ಲಿರುವ ಎಪ್ಪತ್ತು ದಾಟಿದ ತಾಯಿ, ಆಫೀಸಿನಿಂದ ನೇರವಾಗಿ ಬಂದ ಮಗ, ಕನ್ನಡ ಬಾರದ ಡಾಕ್ಟರು.

‘ಏನಾಗ್ತದೆ ಅಂತ ಸರಿಯಾಗಿ ಹೇಳಮ್ಮ.’

‘ಎಂತ ಹೇಳುದು ಮಗಾ, ಒಂಥರಾ ಸಂಕಟ. ಊಟ ಸೇರುದಿಲ್ಲ. ಹೊಟ್ಟೆ ಸರಿ ಹೋಗುದಿಲ್ಲ. ರಾತ್ರಿ ನಿದ್ದೆಯೇ ಇಲ್ಲ.’

ಮಗ ಡಾಕ್ಟರ ಕಡೆ ತಿರುಗಿ ಹಿಂದಿಯಲ್ಲಿ ಹೇಳುತ್ತಾನೆ: ಆ್ಯಸಿಡಿಟಿ ಇದೆ, ಮಲಬದ್ಧತೆ ಇದೆ, ನಿದ್ದೆ ಬರುವುದಿಲ್ಲವಂತೆ. ಮೂರು ದೂರಿಗೆ ಮೂರು ಔಷಧ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ರಾತ್ರಿ ಮಲಗುವ ಮುನ್ನ ಸಿರಪ್ಪು, ನಿದ್ದೆಗೆ ಒಂದು ಸಣ್ಣ ಗುಳಿಗೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಎರಡು ತಿಂಗಳ ನಂತರ ಅದೇ ಮೂವರು, ಅದೇ ಕ್ಲಿನಿಕ್, ಅದೇ ದೂರು.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಡಾಕ್ಟರೂ ತಮಗೆ ಹೇಳಿದ್ದಕ್ಕೆ ಔಷಧ ಕೊಟ್ಟಿದ್ದಾರೆ. ಆದರೆ ‘ಸಂಕಟ’ ಎಂಬ ಒಂದು ಶಬ್ದ ದಾರಿಯಲ್ಲಿ ಕಳೆದುಹೋಗಿದೆ. ಹಿಂದಿಯಲ್ಲಿ ಸಂಕಟವೆಂದರೆ ಆಪತ್ತು. ನಮ್ಮಲ್ಲಿ ಅದು ವಾಂತಿ ಬಂದಂತಾಗುವುದರಿಂದ ಹಿಡಿದು ಹೇಳಿಕೊಳ್ಳಲಾಗದ ದುಃಖದವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ಅದೊಂದೇ ಶಬ್ದವಲ್ಲ. ಕರುಳು ಚುರುಕ್ ಎನ್ನುವುದು, ಹೊಟ್ಟೆ ಉರಿಯುವುದು, ಹೊಟ್ಟೆಯಲ್ಲಿ ಕಲಸಿದ ಹಾಗಾಗುವುದು, ಎದೆ ಭಾರವಾಗುವುದು, ಹೀಗೆ ಮನಸ್ಸಿಗೆ ಆದದ್ದನ್ನೆಲ್ಲ ನಮ್ಮ ಹಿರಿಯರು ಮೈಯ ಭಾಷೆಯಲ್ಲೇ ಹೇಳುತ್ತಾರೆ. ‘ಖಿನ್ನತೆ’ ಎನ್ನುವುದು ಪತ್ರಿಕೆಗಳ ಪದ. ‘ನನಗೆ ಖಿನ್ನತೆಯಾಗಿದೆ’ ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. ಹೆಚ್ಚೆಂದರೆ ‘ಬೇಜಾರು’ ಎಂದಾರು. ಅದನ್ನೂ ಮಗನೆದುರು ಹೇಳಲು ಸಂಕೋಚ. ಮಗ ಸೊಸೆ ಇಷ್ಟು ಚೆನ್ನಾಗಿ ನೋಡಿಕೊಳ್ಳುವಾಗ ಬೇಜಾರು ಎಂದರೆ ಅವರಿಗೆ ನೋವಾಗುತ್ತದಲ್ಲ! ಹೊಟ್ಟೆ ಸರಿಯಿಲ್ಲ ಎಂದರೆ ಯಾರಿಗೂ ನೋವಿಲ್ಲ.

ಇದು ಎಷ್ಟು ವ್ಯಾಪಕ ಎಂಬುದಕ್ಕೆ ನಮ್ಮ ಮುಂಬಯಿಯಲ್ಲೇ ಒಂದು ಲೆಕ್ಕವಿದೆ. ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ದೇಶಾದ್ಯಂತ 45 ದಾಟಿದವರು ಹಾಗೂ ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ, ‘ಲಾಸಿ’ ಎಂಬ ಹೆಸರಿನ ವರದಿಯನ್ನು 2021ರಲ್ಲಿ ಹೊರತಂದಿತು. 60 ದಾಟಿದವರಲ್ಲಿ ‘ನನಗೆ ಖಿನ್ನತೆ ಇದೆಯೆಂದು ಡಾಕ್ಟರು ಹೇಳಿದ್ದಾರೆ’ ಎಂದವರು ಶೇ. 0.8 ಮಾತ್ರ. ಆದರೆ ಲಕ್ಷಣಗಳನ್ನು ಒಂದೊಂದಾಗಿ ಕೇಳಿ ಅಳೆದಾಗ ಖಿನ್ನತೆ ಇರಬಹುದಾದವರು ಶೇ. 8.3. ಅಂದರೆ ಹತ್ತು ಪಟ್ಟು. ಈ ನಡುವಿನವರಲ್ಲಿ ಎಷ್ಟೋ ಮಂದಿ ಗ್ಯಾಸಿನ ಗುಳಿಗೆ, ನಿದ್ದೆಯ ಗುಳಿಗೆ ನುಂಗುತ್ತಾ ದಿನ ದೂಡುತ್ತಿರಬೇಕೆಂದು ನನ್ನ ಅನುಮಾನ.

ಹೊಟ್ಟೆಗೂ ಮನಸ್ಸಿಗೂ ಸಂಬಂಧವಿದೆ ಎಂಬುದು ಹೊಸ ಸಂಗತಿಯೇನಲ್ಲ. ಅನ್ನನಾಳದಿಂದ ಗುದದ್ವಾರದವರೆಗೆ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಒಂದು ಜಾಲವೇ ಇದೆ. ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ತಂತುಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ. ಈ ಕಡೆಯ ಸಂಗತಿಯನ್ನು ಹಿಡಿದುಕೊಂಡು ‘ಹೊಟ್ಟೆ ಸ್ವಚ್ಛವಾದರೆ ಮನಸ್ಸು ಸ್ವಚ್ಛ’ ಎಂದು ಡಬ್ಬಿ ಮಾರುವವರು ಈಗ ವಾಟ್ಸ್ಯಾಪಿನ ತುಂಬ ಇದ್ದಾರೆ. ಕರುಳಿನ ಸೆರೊಟೋನಿನ್ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ, ಮೆದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬ ಮುಂದಿನ ಸಾಲನ್ನು ಅವರು ಹೇಳುವುದಿಲ್ಲ.

ಹಾಗೆಂದು ವಯಸ್ಸಾದವರ ಹೊಟ್ಟೆಯ ದೂರನ್ನೆಲ್ಲ ‘ಮನಸ್ಸಿನದು’ ಎಂದು ತಳ್ಳಿಹಾಕುವುದು ಇನ್ನೂ ದೊಡ್ಡ ಅಪಾಯ. ಮೊದಲು ನೋಡಬೇಕಾದದ್ದು ಹೊಟ್ಟೆಯನ್ನೇ. ನಮ್ಮ ಮನೆಗಳಲ್ಲಿ ಅದನ್ನು ನೋಡಬೇಕಾದ ಜಾಗ ಶೌಚಾಲಯ.

ಒನ್ ಬಿಎಚ್‌ಕೆ ಫ್ಲ್ಯಾಟು, ಐದು ಜನ, ಒಂದೇ ಟಾಯ್ಲೆಟ್. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಗನ ಲೋಕಲ್ ಟ್ರೈನಿನ ಅವಸರ, ಸೊಸೆಯ ಅವಸರ, ಮೊಮ್ಮಕ್ಕಳ ಶಾಲೆಯ ಬಸ್ಸು, ನಡುವೆ ನಳದಲ್ಲಿ ನೀರು ಬರುವ ಹೊತ್ತು. ಎದ್ದು ಬಿಸಿ ಬಿಸಿ ಚಹಾ ಕುಡಿದ ಅರ್ಧ ಗಂಟೆಯಲ್ಲಿ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ದಿನದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಆ ಹೊತ್ತಿನಲ್ಲಿ ಅಜ್ಜ ‘ಮಕ್ಕಳೆಲ್ಲ ಹೋಗಲಿ, ನನಗೇನು ಗಡಿಬಿಡಿ’ ಎಂದು ತಡೆದುಕೊಂಡು ಕೂರುತ್ತಾರೆ. ಒಂಬತ್ತು ಗಂಟೆಗೆ ಮನೆ ಖಾಲಿಯಾದಾಗ ಕರುಳು ಸುಮ್ಮನಾಗಿರುತ್ತದೆ. ತಿಂಗಳುಗಟ್ಟಲೆ ಹೀಗೆ ತಡೆದರೆ ಆ ಕರೆಯೇ ಮಂದವಾಗುತ್ತಾ ಹೋಗುತ್ತದೆ. ಅಜ್ಜನಿಗೆ ಆರೂಕಾಲರಿಂದ ಆರೂಮುಕ್ಕಾಲು ಎಂದು ಅರ್ಧ ಗಂಟೆ ಬಿಟ್ಟುಕೊಡುವುದು ಬಹಳ ಮನೆಗಳಲ್ಲಿ ಸಿರಪ್ಪಿಗಿಂತ ಹೆಚ್ಚು ಕೆಲಸ ಮಾಡೀತು. ಊರಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಭ್ಯಾಸವಾದವರಿಗೆ ಕಮೋಡಿನ ಮುಂದೆ ಕಾಲಿಡಲು ಒಂದು ಗಿಡ್ಡ ಮಣೆ ಇಟ್ಟರೆ ಮೊಣಕಾಲು ಮೇಲೆ ಬಂದು ಮಲ ಸುಲಭವಾಗಿ ಇಳಿಯುತ್ತದೆ. ಏಳುವಾಗ ಮಣೆಗೆ ಎಡವದಂತೆ ಪಕ್ಕಕ್ಕೆ ಸರಿಸಬೇಕು, ಹಿಡಿದುಕೊಳ್ಳಲು ಗೋಡೆಗೊಂದು ಸರಳು ಬೇಕು.

ಇನ್ನೊಂದು ನೀರು. ರಾತ್ರಿ ಏಳಬೇಕಾಗುತ್ತದೆಂದು ಹೆದರಿ ಸಂಜೆ ನಾಲ್ಕರಿಂದಲೇ ನೀರು ಬಿಡುವ ಹಿರಿಯರು ಬಹಳ. ನಂತರ ಆಹಾರ. ಜೋಳದ ರೊಟ್ಟಿ, ಹಸಿ ಸೊಪ್ಪು ಉಂಡು ಬೆಳೆದ ವಿಜಯಪುರದವರಾಗಲಿ, ಕುಚ್ಚಲಕ್ಕಿ ಗಂಜಿಯ ಕರಾವಳಿಯವರಾಗಲಿ, ಇಲ್ಲಿ ಹಲ್ಲಿಲ್ಲದ ಬಾಯಿಗೆ ಸುಲಭವೆಂದು ಚಹಾ ಬಿಸ್ಕಿಟು, ಬ್ರೆಡ್ಡು, ಬಿಳಿ ಅನ್ನದಲ್ಲಿ ದಿನ ಕಳೆಯುತ್ತಾರೆ. ನಾರು ಎಲ್ಲಿಂದ ಬರಬೇಕು? ಇಸಬ್‌ಗೋಲ್ ಒಳ್ಳೆಯದೇ, ಆದರೆ ಅದಕ್ಕೆ ದೊಡ್ಡ ಲೋಟದ ತುಂಬ ನೀರು ಬೇಕು. ನೀರು ಕುಡಿಯದವರು ಬರೀ ಇಸಬ್‌ಗೋಲ್ ತೆಗೆದುಕೊಂಡರೆ ಅದೇ ಒಳಗೆ ಉಬ್ಬಿ ಕಟ್ಟಿಕೊಳ್ಳುತ್ತದೆ. ಅಂದಹಾಗೆ ದಿನವೂ ಆಗಲೇಬೇಕೆಂದಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ವೈದ್ಯಶಾಸ್ತ್ರದ ಲೆಕ್ಕದಲ್ಲಿ ಸಹಜವೇ. ಒಂದು ದಿನ ಆಗದಿದ್ದರೆ ಚೂರ್ಣ ನುಂಗುವ ನಮ್ಮವರ ಅಭ್ಯಾಸಕ್ಕೆ ಮಾತ್ರ ಏನು ಹೇಳಬೇಕೋ ತಿಳಿಯದು.

ಔಷಧಿಯ ಚೀಲವನ್ನೂ ಒಮ್ಮೆ ಮೇಜಿನ ಮೇಲೆ ಸುರಿದು ನೋಡಬೇಕು. ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ, ರಕ್ತಕ್ಕೆಂದು ಕೊಟ್ಟ ಕಬ್ಬಿಣಾಂಶ, ರಕ್ತದೊತ್ತಡದ ಕೆಲವು ಗುಳಿಗೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಗುಳಿಗೆ, ನಿದ್ದೆ ತರಿಸುವ ನೆಗಡಿಯ ಮಾತ್ರೆ, ಇವೆಲ್ಲ ಮಲವನ್ನು ಗಟ್ಟಿ ಮಾಡಬಲ್ಲವು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸಿಗೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಜೊತೆಗೆ ಜೀವಮಾನವಿಡೀ ಸಸ್ಯಾಹಾರ ಎಂದಾದರೆ ಬಿ12 ಜೀವಸತ್ವ ಕಡಿಮೆಯಾಗಲು ಮೂರು ದಾರಿ ತೆರೆದಂತೆ. ಬಿ12 ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುವುದು, ಮರೆವು, ಸುಸ್ತು, ಮಂಕು. ಥೈರಾಯ್ಡ್ ಮಂದವಾದರೆ ಮಲಬದ್ಧತೆ, ಆಲಸ್ಯ, ಮಂಕು ಮೂರೂ ಒಟ್ಟಿಗೆ. ಎರಡಕ್ಕೂ ಸಾಧಾರಣ ರಕ್ತಪರೀಕ್ಷೆ ಸಾಕು, ಎರಡಕ್ಕೂ ಔಷಧಿ ಇದೆ. ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಮನಸ್ಸು ಕುಗ್ಗುವುದು, ಈ ಮೂರು ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗಲು ಶುರುವಾಗುವ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳುವುದೂ ಉಂಟು.

ಕೆಲವು ಲಕ್ಷಣಗಳಿಗೆ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು: ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ಇಷ್ಟು ವರ್ಷ ಸರಿಯಿದ್ದ ಹೊಟ್ಟೆಯ ರೀತಿ ಈಗ ಇದ್ದಕ್ಕಿದ್ದಂತೆ ಬದಲಾದದ್ದು, ರಕ್ತಹೀನತೆ. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದು ಗುಳಿಗೆಯಿಂದಲೋ ರಕ್ತದಿಂದಲೋ ಎಂದು ಡಾಕ್ಟರೇ ಹೇಳಲಿ.

ಇನ್ನು ನಿದ್ದೆ. ವಯಸ್ಸಾದ ಮೇಲೆ ನಿದ್ದೆ ಬೇಕಾಗುವುದಿಲ್ಲ ಎಂಬ ಮಾತು ಸುಳ್ಳು. 65 ದಾಟಿದವರಿಗೂ ಏಳು ಗಂಟೆಯಷ್ಟು ನಿದ್ದೆ ಬೇಕೆಂದೇ ತಜ್ಞರು ಹೇಳುತ್ತಾರೆ. ಬದಲಾಗುವುದು ನಿದ್ದೆಯ ಗುಣ. ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ, ದೇಹದ ಗಡಿಯಾರ ಮುಂದಕ್ಕೆ ಸರಿದು ರಾತ್ರಿ ಎಂಟೂವರೆಗೇ ಕಣ್ಣು ಎಳೆಯುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ. ಊರಿನ ಮನೆಯಲ್ಲಿ ಇದಕ್ಕೆ ಜಾಗವಿತ್ತು. ಇಲ್ಲಿ ಅಜ್ಜಿಯ ಹಾಸಿಗೆ ಹಾಲಿನ ದಿವಾನ. ಅದೇ ಹಾಲಿನಲ್ಲಿ ಟಿವಿ, ಅಲ್ಲೇ ಊಟ. ಚರ್ಚ್‌ಗೇಟಿನಿಂದಲೋ ಠಾಣೆಯಿಂದಲೋ ಮಗ ಮನೆ ಮುಟ್ಟುವುದು ಒಂಬತ್ತೂವರೆಗೆ. ಅವನು ಬರದೆ ತಾಯಿ ಉಣ್ಣುವುದಿಲ್ಲ. ಹತ್ತು ಗಂಟೆಗೆ ಊಟ, ಹತ್ತೂಮುಕ್ಕಾಲಿಗೆ ಕ್ರಿಕೆಟ್ಟು ಮುಗಿದ ಮೇಲೆ ಹಾಸಿಗೆ. ಉಂಡದ್ದು ಹೊಟ್ಟೆಯಿಂದ ಕೆಳಗಿಳಿಯುವ ಮೊದಲೇ ಅಡ್ಡವಾದರೆ ಹುಳಿ ತೇಗು, ಎದೆ ಉರಿ. ನಾಲ್ಕಕ್ಕೆ ಎಚ್ಚರ, ಆದರೆ ದೀಪ ಹಾಕುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ. ಕತ್ತಲಲ್ಲಿ ಎರಡು ಗಂಟೆ ಕಣ್ಣು ಬಿಟ್ಟುಕೊಂಡು ಮಲಗಿರುವುದು. ಆ ನಿದ್ದೆಯ ಸಾಲವನ್ನು ಮಧ್ಯಾಹ್ನ ಎರಡು ಗಂಟೆ ಮಲಗಿ ತೀರಿಸುತ್ತಾರೆ, ರಾತ್ರಿ ಮತ್ತೆ ನಿದ್ದೆ ಬರುವುದಿಲ್ಲ.

ಇದಕ್ಕೆ ಗುಳಿಗೆ ಏನು ಮಾಡೀತು? ಅಲ್ಪ್ರಾಜೊಲಾಮ್ ಜಾತಿಯ ಗುಳಿಗೆಗಳು ವಯಸ್ಸಾದವರ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ರಾತ್ರಿ ಮೂತ್ರಕ್ಕೆ ಎದ್ದಾಗ ತೂಗಾಡಿ ಬೀಳುವುದು, ಸೊಂಟದ ಮೂಳೆ ಮುರಿಯುವುದು, ಹಗಲಲ್ಲಿ ಮಂಪರು, ಮರೆವು ಇದರ ಬೆಲೆ. ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಒಂದು ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮಾಡಿದರು. ಆಗಾಗ ಪರಿಷ್ಕೃತವಾಗುವ ಆ ಪಟ್ಟಿಯಲ್ಲಿ ಈ ಜಾತಿಯ ಗುಳಿಗೆಗಳು ಈಗಲೂ ಇವೆ. ನಮ್ಮ ದೇಶದಲ್ಲೂ ಅಲ್ಪ್ರಾಜೊಲಾಮನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಳ್ಳುವವರು ಎಷ್ಟು ಮಂದಿ ಎಂದು ನಿಮಗೇ ಗೊತ್ತು. ಇದನ್ನು ಓದಿ ನಾಳೆಯಿಂದಲೇ ನಿಲ್ಲಿಸಲು ಹೋಗಬೇಡಿ. ಬಹುಕಾಲ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ನಡುಕ, ತಳಮಳ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ ಸಲಹೆಯಂತೆ ವಾರ ವಾರ ಇಳಿಸುತ್ತಾ ಬರಬೇಕು.

ಗುಳಿಗೆಯಿಲ್ಲದ ದಾರಿ ಸ್ವಲ್ಪ ನಿಧಾನದ್ದು. ಅಮ್ಮನಿಗೆ ಏಳೂವರೆಗೇ ಊಟ ಹಾಕಿಬಿಡಿ, ಮಗನಿಗಾಗಿ ಕಾಯಬೇಕೆಂದಿದ್ದರೆ ಅವನು ಉಣ್ಣುವಾಗ ಪಕ್ಕದಲ್ಲಿ ಕುಳಿತು ಮಾತಾಡಲಿ. ಬೆಳಗಿನ ಎಳೆ ಬಿಸಿಲಿನಲ್ಲಿ ಅರ್ಧ ಗಂಟೆ ನಡಿಗೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಮೂರು ಗಂಟೆಯ ಒಳಗೆ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಕುಳಿತು ಜಪವನ್ನೋ ಓದನ್ನೋ ಮಾಡಿ, ನಿದ್ದೆ ಎಳೆದಾಗ ಮತ್ತೆ ಮಲಗುವುದು. ಸಾಧ್ಯವಿದ್ದರೆ ಹಾಲಿನ ಟಿವಿಯನ್ನು ಒಳಕೋಣೆಗೆ, ಇಲ್ಲವೇ ಅಜ್ಜಿಯನ್ನು ಮೊಮ್ಮಗಳ ಕೋಣೆಗೆ.

ಇಷ್ಟೆಲ್ಲ ಸರಿಮಾಡಿ, ಪರೀಕ್ಷೆಗಳಲ್ಲಿ ಏನೂ ಸಿಗದೆ, ದೂರು ಮಾತ್ರ ಹಾಗೆಯೇ ಉಳಿಯಿತು ಎನ್ನಿ. ಆಗ ಮನಸ್ಸಿನ ಕಡೆ ನೋಡಬೇಕು. ಹಾಗೆ ನೋಡುವಾಗ ಹೊಟ್ಟೆ ನಿದ್ದೆಗಳ ಪ್ರಶ್ನೆ ಬಿಡುವುದು ಉತ್ತಮ. ಹಿರಿಯರ ಖಿನ್ನತೆಯನ್ನು ಗುರುತಿಸಲು ಎಂಬತ್ತರ ದಶಕದಲ್ಲಿ ಅಮೆರಿಕದ ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ರಚಿಸಿದರು. ಮೊದಲು 30 ಪ್ರಶ್ನೆ, ಮುಂದೆ ಚುಟುಕು ಮಾಡಿ 15. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಹಸಿವು, ನಿದ್ದೆ, ಮೈಕೈ ನೋವಿನ ಪ್ರಶ್ನೆಯೇ ಅದರಲ್ಲಿಲ್ಲ. ಆ ತೊಂದರೆಗಳು ವಯಸ್ಸಿನಿಂದಲೂ ಬರುತ್ತವೆ ಎಂಬ ಕಾರಣಕ್ಕೆ ಬೇಕೆಂದೇ ಬಿಟ್ಟಿದ್ದಾರೆ. ಅದು ಕೇಳುವುದು ಬದುಕು ತೃಪ್ತಿ ಕೊಟ್ಟಿದೆಯೇ, ಮೊದಲು ಮಾಡುತ್ತಿದ್ದ ಎಷ್ಟೋ ಕೆಲಸ ಬಿಟ್ಟಿದ್ದೀರಾ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರುವುದು ಹಿತವೇ, ನಾನು ಯಾರಿಗೂ ಬೇಡದವ ಎನಿಸುತ್ತದೆಯೇ ಎಂಬಂಥವನ್ನು.

ಮನೆಯವರಿಗೆ ಇದು ಸಣ್ಣ ಬದಲಾವಣೆಗಳಲ್ಲಿ ಕಾಣಿಸುತ್ತದೆ. ಶನಿಪೂಜೆಗೆ ತಪ್ಪದೆ ಹೋಗುತ್ತಿದ್ದವರು ‘ಕಾಲು ನೋವು’ ಎಂದು ಬಿಡುತ್ತಾರೆ. ಭಜನಾ ಮಂಡಳಿಯಲ್ಲಿ ತಾಳ ಹಿಡಿಯುತ್ತಿದ್ದವರು ಕೊನೆಯ ಸಾಲಿನಲ್ಲಿ ಸುಮ್ಮನೆ ಕೂರುತ್ತಾರೆ. ಯಕ್ಷಗಾನವೆಂದರೆ ರಾತ್ರಿಯಿಡೀ ಕೂತವರಿಗೆ ಮಾಟುಂಗದ ಸಭಾಗೃಹಕ್ಕೆ ಕರೆದರೂ ಬೇಡ. ಊರಿನ ಫೋನು ಬಂದರೆ ಎರಡು ಮಾತಿಗೆ ಇಟ್ಟುಬಿಡುತ್ತಾರೆ. ಬೆಳಗಿನ ಹೊತ್ತು ಮನಸ್ಸು ತೀರಾ ಭಾರ, ಸಂಜೆಗೆ ಸ್ವಲ್ಪ ಹಗುರ. ಎರಡು ವಾರಕ್ಕೂ ಹೆಚ್ಚು ಕಾಲ ದಿನವೂ ಹೀಗಿದ್ದರೆ ಡಾಕ್ಟರಿಗೆ ತೋರಿಸಲು ಅಷ್ಟೇ ಸಾಕು. ಮರೆವು ಜಾಸ್ತಿಯಾಗಿದೆಯೆಂದು ಅಲ್ಜೈಮರ್ಸ್ ಭಯಪಟ್ಟ ಕೆಲವರಲ್ಲಿ ಕೊನೆಗೆ ಸಿಗುವುದು ಖಿನ್ನತೆ. ಅದು ಗುಣವಾದರೆ ಮರೆವೂ ಎಷ್ಟೋ ಸುಧಾರಿಸುತ್ತದೆ.

ಹೊರನಾಡಿನ ನಮ್ಮ ಹಿರಿಯರಲ್ಲಿ ಎರಡು ಬಗೆಯವರಿದ್ದಾರೆ, ಇಬ್ಬರ ಕಥೆ ಬೇರೆ ಬೇರೆ. ಹದಿನೈದರ ಪ್ರಾಯದಲ್ಲಿ ಬಂದು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಈ ನಗರವನ್ನೇ ಊರು ಮಾಡಿಕೊಂಡವರು ಒಬ್ಬರು. ಇವರಿಗೆ ಮರಾಠಿ, ಹಿಂದಿ ನೀರು ಕುಡಿದಷ್ಟು ಸುಲಭ, ಸಂಘಸಂಸ್ಥೆಗಳಲ್ಲಿ ಹೆಸರೂ ಇದೆ. ಇವರನ್ನು ಕಾಡುವುದು ಕೆಲಸ ಬಿಟ್ಟ ಮೇಲಿನ ಖಾಲಿತನ. ಗಲ್ಲೆಯಲ್ಲಿ ಕೂತು ಐವತ್ತು ವರ್ಷ ಜನರ ನಡುವೆ ಇದ್ದವರಿಗೆ ಹದಿನೆಂಟನೆಯ ಮಾಳಿಗೆಯ ಕಿಟಕಿ ಸಾಕಾಗುವುದಿಲ್ಲ. ಇನ್ನೊಬ್ಬರು, ಗಂಡನೋ ಹೆಂಡತಿಯೋ ತೀರಿಕೊಂಡ ಮೇಲೆ ‘ಒಬ್ಬರೇ ಇರುವುದು ಬೇಡ’ ಎಂದು ಮಕ್ಕಳು ಎಪ್ಪತ್ತರ ವಯಸ್ಸಿನಲ್ಲಿ ಪುಣೆಗೋ ಹೈದರಾಬಾದಿಗೋ ಕರೆತಂದವರು. ಒಂದೇ ವರ್ಷದಲ್ಲಿ ಇವರು ಸಂಗಾತಿ, ಮನೆ, ಅಂಗಳ, ನೆರೆಕರೆ, ಭಾಷೆ ಎಲ್ಲವನ್ನೂ ಕಳೆದುಕೊಂಡಿರುತ್ತಾರೆ. ಸೊಸೈಟಿಯ ತೋಟದಲ್ಲಿ ಬೆಂಚುಗಳಿವೆ, ಅಲ್ಲಿ ಕೂತವರೊಡನೆ ಆಡಲು ಮಾತಿಲ್ಲ. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ಬಾಯಿಂದ ಒಂದು ಕನ್ನಡ ಶಬ್ದ ಹೊರಬರದ ದಿನಗಳಿರುತ್ತವೆ. ಕಿವಿಯೂ ಮಂದವಾಗಿದ್ದರೆ ಹೇಳುವುದೇ ಬೇಡ.

‘ಒಂದು ತಿಂಗಳು ಊರಿಗೆ ಹೋಗಿ ಬಂದರೆ ಸರಿಯಾಗುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಬೇಸರ ಬರೀ ಬೇಸರವಾಗಿದ್ದರೆ ಸರಿಯಾಗುವುದೂ ಉಂಟು. ಬೀಗ ಹಾಕಿದ ಮನೆ ತೆಗೆಸಿ, ಪಕ್ಕದವರ ಮನೆಯ ಕಾಫಿ ಕುಡಿದು, ಹಸಿವು ನಿದ್ದೆ ಎರಡೂ ಮರಳಿದವರಿದ್ದಾರೆ. ಅಲ್ಲಿಗೆ ಹೋದರೂ ಮೂಲೆ ಹಿಡಿದು ಮಲಗಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯೇ ಬೇಕು.

ಡಾಕ್ಟರ ಬಳಿ ಹೋಗುವಾಗ ಒಂದು ಕೆಲಸ ಮಾಡಿ. ಅವರು ಹೇಳಿದ್ದನ್ನು ನೀವು ರೋಗದ ಹೆಸರಾಗಿ ಬದಲಾಯಿಸಬೇಡಿ. ‘ಸಂಕಟ’ ಎಂದರೆ ಆ್ಯಸಿಡಿಟಿ ಎನ್ನಬೇಡಿ, ಎಲ್ಲಿ, ಯಾವ ಹೊತ್ತಿಗೆ, ಆಗ ಏನು ಯೋಚನೆ ಬರುತ್ತದೆ ಎಂದು ಕೇಳಿ, ಅವರ ಮಾತನ್ನೇ ಉದ್ದಕ್ಕೆ ಹೇಳಿ. ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಿದರೂ ಹಾಗೆಯೇ. ಕನ್ನಡ ಬಲ್ಲ ಡಾಕ್ಟರು ಸಿಕ್ಕರೆ ಹತ್ತು ನಿಮಿಷ ಅವರಿಬ್ಬರನ್ನೇ ಬಿಟ್ಟು ಹೊರಗೆ ಕೂರಿ. ಮಗನ ಎದುರು ಬಾರದ ಮಾತು ಆಗ ಬಂದೀತು.

ಖಿನ್ನತೆಯ ಗುಳಿಗೆಗಳ ಬಗ್ಗೆ ನಮ್ಮವರಿಗೆ ಇರುವ ಹೆದರಿಕೆ ಹೆಚ್ಚಿನದು ಸುಮ್ಮನೆ. ಅವು ನಿದ್ದೆಯ ಗುಳಿಗೆಯಂತೆ ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಮೂರು ನಾಲ್ಕು ವಾರ ಬೇಕು, ಹಿರಿಯರಲ್ಲಿ ಇನ್ನೂ ಹೆಚ್ಚು. ಮೊದಲ ವಾರ ಹೊಟ್ಟೆ ತೊಳಸಬಹುದು, ‘ನೋಡು, ಇದರಿಂದ ಹೊಟ್ಟೆ ಇನ್ನೂ ಕೆಟ್ಟಿತು’ ಎಂದು ಬಿಟ್ಟುಬಿಡುವವರು ಬಿಡುವುದು ಆಗಲೇ. ಕೆಲವರಲ್ಲಿ ರಕ್ತದ ಸೋಡಿಯಂ ಇಳಿಯುತ್ತದೆ, ಅದಕ್ಕೊಂದು ಪರೀಕ್ಷೆ ಮಾಡಿಸಬೇಕು. ಸರಿಹೋಯಿತೆಂದು ನಾವೇ ನಿಲ್ಲಿಸುವಂತಿಲ್ಲ. ಗುಳಿಗೆಯ ಜೊತೆಗೆ ಮಾತು, ನಡಿಗೆ, ಮನೆಯಲ್ಲಿ ಮಾಡಲು ಒಂದು ನಿಜವಾದ ಕೆಲಸ ಎಲ್ಲವೂ ಬೇಕು. ಹೂವಿನ ಗಿಡಕ್ಕೆ ನೀರು ಹಾಕುವುದಾಗಲಿ, ಮೊಮ್ಮಗುವಿಗೆ ಕನ್ನಡ ಅಕ್ಷರ ಕಲಿಸುವುದಾಗಲಿ, ಅವರು ಮಾಡದಿದ್ದರೆ ಆಗದು ಎನ್ನುವಂಥದ್ದು.

ಒಂದು ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ‘ದೇವರು ಬೇಗ ಕರಕೊಂಡ್ರೆ ಸಾಕು’ ಎಂದು ನಮ್ಮ ಹಿರಿಯರು ಊಟದ ನಡುವೆಯೂ ಹೇಳುತ್ತಾರೆ, ಹೆಚ್ಚಿನ ಸಲ ಅದು ಮಾತಿನ ರೂಢಿ. ಆದರೆ ಅದನ್ನು ಹೇಳುವ ರೀತಿ ಬದಲಾದರೆ, ಬಂಗಾರ, ಪಾಸ್‌ಬುಕ್ಕುಗಳನ್ನು ಹಂಚಿ ಮುಗಿಸುವ ಅವಸರ ಕಂಡರೆ, ಗುಳಿಗೆ ಕೂಡಿಡುವುದು ಕಂಡರೆ, ‘ಅಮ್ಮ, ಸಾಯಬೇಕು ಅನಿಸ್ತದಾ?’ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯ ಔಷಧಿಗಳನ್ನು ಬೀಗದೊಳಗಿಡಿ, ಅಂದೇ ಡಾಕ್ಟರ ಬಳಿ ಕರೆದೊಯ್ಯಿರಿ.

2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ‘ಟೆಲಿ ಮಾನಸ್’ ಎಂಬ ಸಹಾಯವಾಣಿ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತ. ಫೋನು ಹಚ್ಚಿದಾಗ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಅದರಲ್ಲಿದೆ. ಹಿರಿಯರ ಇತರ ಕಷ್ಟಗಳಿಗೆ ‘ಎಲ್ಡರ್‌ಲೈನ್’ 14567. ಎರಡೂ ಸಂಖ್ಯೆಗಳನ್ನು ಅವರ ಫೋನಿನಲ್ಲಿ ಕನ್ನಡದಲ್ಲೇ ಹೆಸರು ಬರೆದು ಸೇರಿಸಿ, ಹಚ್ಚುವುದು ಹೇಗೆಂದು ಒಮ್ಮೆ ತೋರಿಸಿಕೊಡಿ. ಮೊದಲ ಸಲ ಮಾತಾಡುವಾಗ ಅವರು ಬರೀ ಮಲಬದ್ಧತೆಯ ಬಗ್ಗೆಯೇ ಹೇಳಬಹುದು. ಹೇಳಲಿ, ನಡುವೆ ಬಾಯಿ ಹಾಕಬೇಡಿ.